ಹೊಳೆ ದಾಟಿ ಬಂದ ದನಿ

ಊರಿನ ಚರಿತ್ರೆಯನ್ನು ಕೋಟೆ, ಶಾಸನಗಳಲ್ಲಿ ಹುಡುಕುವುದು ನಮ್ಮ ರೂಢಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಚರಿತ್ರೆಯನ್ನು ರೇಡಿಯೋದ ಮುಳ್ಳು ತಿರುಗಿದ ದಿಕ್ಕಿನಲ್ಲೂ ಓದಬಹುದು ಎಂದು ನನಗನ್ನಿಸುತ್ತದೆ.

1948ರವರೆಗೆ ಈ ನಾಲ್ಕೂ ಊರು ನಿಜಾಮರ ಹೈದರಾಬಾದಿನಲ್ಲಿದ್ದವು. ಅಲ್ಲಿನ ಡೆಕ್ಕನ್ ರೇಡಿಯೋದಲ್ಲಿ ಉರ್ದುವಿನದೇ ಮೇಲುಗೈ. 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಶುರುವಾಯಿತು. ಆಗ ಧಾರವಾಡ ಮುಂಬಯಿ ಆಡಳಿತದಲ್ಲಿ, ಕೊಪ್ಪಳ ಹೈದರಾಬಾದಿನಲ್ಲಿ. ಏಕೀಕರಣವಾದದ್ದು 1956ರಲ್ಲಿ. ನಕಾಶೆ ಬದಲಾಗುವ ಮೊದಲೇ ಕನ್ನಡದ ದನಿ ಗಡಿ ದಾಟುವ ದಾರಿ ತೆರೆದಿತ್ತು.

ಆದರೆ ಧಾರವಾಡದ್ದು ಇಡೀ ಸೀಮೆಗೆ ಸೇರಿದ ಕೇಂದ್ರ. ನಮ್ಮ ಮಗ್ಗುಲಿನ ದನಿಯಾಗಿ ಬಂದದ್ದು ಹೊಸಪೇಟೆ ಆಕಾಶವಾಣಿ, ಎಫ್‌ಎಂ 100.5. 1953ರವರೆಗೆ ಮದ್ರಾಸಿಗೆ ಸೇರಿದ್ದ ಊರದು. ನಡುವಿನ ತುಂಗಭದ್ರೆಯೇ ಒಂದು ಕಾಲಕ್ಕೆ ಎರಡು ಸರಕಾರಗಳ ಗಡಿ. ಎಫ್‌ಎಂ ತರಂಗ ಬಹುದೂರ ಹೋಗದು. ಆ ಮಿತಿಯೇ ಸ್ಥಳೀಯ ಕೇಂದ್ರದ ಬಲ ಎಂಬುದು ನನ್ನ ನಂಬಿಕೆ: ಕೇಳುಗರು ಯಾರೆಂದು ಅದಕ್ಕೆ ಗೊತ್ತಿರುತ್ತದೆ. ಗಂಗಾವತಿಯ ಭತ್ತದ ರೈತನಿಗೆ ಎಡದಂಡೆ ಕಾಲುವೆಯ ನೀರಿನ ಚಿಂತೆ, ಕುಷ್ಟಗಿ, ಯಲಬುರ್ಗಾದ ಒಣಬೇಸಾಯದವನಿಗೆ ಮುಗಿಲಿನ ಚಿಂತೆ. ದೂರದ ರಾಜಧಾನಿಗೆ ಇಬ್ಬರೂ ಬರೀ ‘ರೈತ ಬಾಂಧವರು’.

2006ರ ಸಮುದಾಯ ರೇಡಿಯೋ ನೀತಿಯಿಂದ ಸಂಘ ಸಂಸ್ಥೆಗಳೂ ಪುಟ್ಟ ಕೇಂದ್ರ ನಡೆಸಬಹುದಾಯಿತು. ಅಂಥ ಕೇಂದ್ರ ಬಂದರೂ ಒಂದು ಕೆಲಸ ಉಳಿಯುತ್ತದೆ. ಶಾಸನ ಕಲ್ಲಿನಲ್ಲಿರುತ್ತದೆ, ಪ್ರಸಾರ ಗಾಳಿಗೆ ಹೋಗುತ್ತದೆ. ಕೋರಿಕೆಯ ಹಾಡಿಗೆ ಕಾರ್ಡು ಬರೆದವರು, ಕಟ್ಟೆಯ ಮೇಲೆ ಕೂತು ವಾರ್ತೆ ಕೇಳಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ವಿದ್ಯಾರ್ಥಿಗಳು ಅವರನ್ನು ಮಾತಾಡಿಸಿ ಬರೆದಿಟ್ಟರೆ, ಈ ಸೀಮೆಯ ಕಿವಿಯ ಚರಿತ್ರೆ ಉಳಿದೀತು.