ದುಂಡು ಬ್ರಾಕೆಟ್, ಚೂಪು ಬ್ರಾಕೆಟ್

ಮಕ್ಕಳೇ, ಊರಿನ ಅಜ್ಜಿಗೆ ಕಂಪ್ಯೂಟರಿನಲ್ಲಿ ಪತ್ರ ಬರೆದಿರಿ ಎಂದುಕೊಳ್ಳಿ. ಅದರಲ್ಲಿ ಸಂಬೋಧನೆ ಯಾವುದು, ಸುದ್ದಿ ಯಾವುದು ಎಂದು ನಿಮಗೆ ಗೊತ್ತು. ಕಂಪ್ಯೂಟರಿಗೆ ಗುರುತು ಹಾಕಿಯೇ ತೋರಿಸಬೇಕು.

1969ರಲ್ಲಿ ಅಮೆರಿಕದ ಐಬಿಎಂ ಕಂಪನಿಯ ಗೋಲ್ಡ್‌ಫಾರ್ಬ್, ಮೋಷರ್, ಲೋರಿ ಎಂಬ ಮೂವರು ಈ ಕೆಲಸಕ್ಕೆ ಒಂದು ಭಾಷೆ ಕಟ್ಟಿದರು. ಅವರ ಹೆಸರುಗಳ ಮೊದಲಕ್ಷರ ಸೇರಿ ಅದು ಜಿಎಂಎಲ್ ಆಯಿತು. 1986ರ ಎಸ್‌ಜಿಎಂಎಲ್, ವೆಬ್ ಪುಟಗಳ ಎಚ್‌ಟಿಎಂಎಲ್, 1998ರ ಎಕ್ಸ್‌ಎಂಎಲ್ ಎಲ್ಲವೂ ಅದರ ವಂಶದವೇ. ಎಕ್ಸ್‌ಎಂಎಲ್‌ನಲ್ಲಿ ಗುರುತಿನ ಹೆಸರನ್ನು ಕನ್ನಡದಲ್ಲೇ ಇಡಬಹುದು. ಇದು ಎಷ್ಟೋ ದೊಡ್ಡವರಿಗೂ ಗೊತ್ತಿಲ್ಲ!

<ಪತ್ರ><ಸುದ್ದಿ>ನಾವು ಕ್ಷೇಮ</ಸುದ್ದಿ></ಪತ್ರ>

ತೆರೆಯುವಾಗ ಒಮ್ಮೆ, ಮುಚ್ಚುವಾಗ ಇನ್ನೊಮ್ಮೆ ಹೆಸರು ಬರೆಯಬೇಕು. ಈಗ ಇದನ್ನು ನೋಡಿ:

(ಪತ್ರ (ಸುದ್ದಿ "ನಾವು ಕ್ಷೇಮ"))

ಇದು ಪಟ್ಟಿಯೊಳಗೊಂದು ಪಟ್ಟಿ. ಹೀಗೆ ಬರೆಯುವ ಕ್ರಮ ಜಿಎಂಎಲ್‌ಗಿಂತಲೂ ಹಳೆಯದು. 1958ರಲ್ಲಿ ಎಂಐಟಿಯ ಜಾನ್ ಮೆಕಾರ್ಥಿ ಆರಂಭಿಸಿದ ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯದು. ತಮಾಷೆಯೆಂದರೆ, ಬ್ರಾಕೆಟ್ಟಿನ ಬರಹ ಯಂತ್ರಕ್ಕಿರಲಿ, ಜನ ಬರೆಯಲು ಬೇರೊಂದು ರೂಪ ಕೊಡೋಣ ಎಂಬುದು ಮೆಕಾರ್ಥಿಯವರ ಯೋಜನೆಯಾಗಿತ್ತು. ಜನರಿಗೆ ಬ್ರಾಕೆಟ್ಟೇ ರೂಢಿಯಾಗಿಬಿಟ್ಟಿತು!

ಎರಡು ವಂಶಗಳೂ ಮುಖಾಮುಖಿಯಾದದ್ದು ಪುಟ ವಿನ್ಯಾಸದ ವಿಷಯದಲ್ಲಿ. ಎಸ್‌ಜಿಎಂಎಲ್ ದಾಖಲೆಗಳನ್ನು ಅಂದಗೊಳಿಸಲು 1996ರಲ್ಲಿ ಬಂದ ಡಿಎಸ್‌ಎಸ್‌ಎಸ್‌ಎಲ್ ಎಂಬ ಮಾನದಂಡ, ಲಿಸ್ಪ್‌ನ ಮಗುವಾದ ಸ್ಕೀಮ್ ಭಾಷೆಯನ್ನು ಆಧರಿಸಿತ್ತು. ಆದರೆ 1999ರಲ್ಲಿ ಎಕ್ಸ್‌ಎಂಎಲ್‌ಗಾಗಿ ಬಂದ ಎಕ್ಸ್‌ಎಸ್‌ಎಲ್‌ಟಿಯಲ್ಲಿ ಸೂಚನೆಗಳನ್ನೂ ಚೂಪು ಬ್ರಾಕೆಟ್ಟಿನಲ್ಲೇ ಬರೆಯಬೇಕಾಯಿತು. ನನ್ನ ಮಟ್ಟಿಗೆ ಅದು ಓದಲು ತುಸು ಕಷ್ಟವೇ.

ಅದಾದ ಕೆಲವೇ ವರ್ಷಗಳಲ್ಲಿ ಒಲೆಗ್ ಕಿಸೆಲ್ಯೋವ್ ಎಂಬ ವಿಜ್ಞಾನಿ ಎಸ್‌ಎಕ್ಸ್‌ಎಂಎಲ್ ರೂಪಿಸಿ, ಇಡೀ ಎಕ್ಸ್‌ಎಂಎಲ್ ದಾಖಲೆಯನ್ನು ಸ್ಕೀಮ್‌ನ ಪಟ್ಟಿಯಾಗಿ ಬರೆಯುವ ದಾರಿ ತೋರಿಸಿದರು. ಊರು, ದಿನಾಂಕದಂಥ ವಿವರಗಳೂ ಅಲ್ಲಿ @ ಚಿಹ್ನೆಯಿಂದ ಶುರುವಾಗುವ ಪಟ್ಟಿಯೇ:

(ಪತ್ರ (@ (ಊರು "ಮೈಸೂರು")) (ಸುದ್ದಿ "ನಾವು ಕ್ಷೇಮ"))

ಇದರ ಲಾಭವೇನು ಗೊತ್ತೇ? ಸ್ಕೀಮ್‌ನಲ್ಲಿ ಪ್ರೋಗ್ರಾಮನ್ನು ಬರೆಯುವುದೂ ಹೀಗೆ ಪಟ್ಟಿಯಾಗಿಯೇ. ಹಾಗಾಗಿ "ಸುದ್ದಿಯನ್ನಷ್ಟೇ ಹೆಕ್ಕಿ ಕೊಡು" ಎನ್ನಲು ಹೊಸ ಭಾಷೆ ಕಲಿಯಬೇಕಿಲ್ಲ. ಪಟ್ಟಿ ಬಿಡಿಸಲು ಬಂದರೆ ಸಾಕು. ತೊಡಕೂ ಇದೆ. ಪತ್ರ ಉದ್ದವಾದರೆ ಕೊನೆಗೆ ))))) ಸಾಲುಗಟ್ಟುತ್ತವೆ, ಯಾವುದು ಯಾವುದನ್ನು ಮುಚ್ಚಿತೋ ಕಣ್ಣಿಗೆ ತಿಳಿಯದು. ಅಲ್ಲಿ ಮಾತ್ರ </ಸುದ್ದಿ> ಎಂದು ಹೆಸರು ಹೇಳಿ ಮುಚ್ಚುವುದೇ ವಾಸಿ.

ಪಾಲಕರೇ, ಈ ಪತ್ರಕ್ಕೆ ಒಂದು ಸಂಬೋಧನೆ ಸೇರಿಸಿ ಎರಡೂ ಬಗೆಯಲ್ಲಿ ಬರೆಯಲು ಮಕ್ಕಳಿಗೆ ಹೇಳಿ. ತೆರೆದ ಬ್ರಾಕೆಟ್ಟುಗಳನ್ನೂ ಮುಚ್ಚಿದವನ್ನೂ ಅವರೇ ಎಣಿಸಲಿ.