ಬಂಜರು ನೆಲದ ಅರಸನೂ ಬೇವಿನ ಸೊಪ್ಪಿನ ಜೋಕುಮಾರನೂ

ನವ್ಯಸಾಹಿತ್ಯದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಏಳುವ ಆಕ್ಷೇಪಣೆ ಒಂದೇ: ಅದು ಲಂಡನ್ನಿನಿಂದ ತಂದ ಸರಕು, ನಮ್ಮ ಮಣ್ಣಿಗೆ ಒಗ್ಗದು. ಗೋಕಾಕರ ‘ನವ್ಯ ಕವಿತೆಗಳು’ ಬಂದ 1950ರಲ್ಲಿ ಹೊರಟ ಮಾತು, ಅಡಿಗರ ‘ಭೂಮಿಗೀತ’ ಬಂದ 1959ರಲ್ಲಿ ಇನ್ನಷ್ಟು ಬಲವಾಯಿತು. ಇಂದಿಗೂ ಪೂರ್ತಿ ಅಡಗಿಲ್ಲ. ಆದರೆ ಲಂಡನ್ನಿಗಾದರೂ ಆ ಸರಕು ಎಲ್ಲಿಂದ ಬಂತೆಂದು ವಿಚಾರಿಸದೆ ಈ ವ್ಯಾಜ್ಯ ತೀರುವಂತಿಲ್ಲ.

ಎಲಿಯಟ್ ಕವಿಯನ್ನೇ ತೆಗೆದುಕೊಳ್ಳೋಣ. 1908ರಲ್ಲಿ ಹಾರ್ವರ್ಡ್ ವಿದ್ಯಾರ್ಥಿಯಾಗಿದ್ದಾಗ ಆರ್ಥರ್ ಸೈಮನ್ಸನ ಪುಸ್ತಕದ ಮೂಲಕ ಅವನಿಗೆ ಫ್ರೆಂಚ್ ಪ್ರತೀಕವಾದಿಗಳ ಪರಿಚಯವಾಯಿತು. ಲಫೋರ್ಗನಿಂದ ನಗರದ ಬೇಸರವನ್ನು ವ್ಯಂಗ್ಯವಾಗಿ ನುಡಿಯುವ ಧಾಟಿ ದೊರೆಯಿತು. 1911ರಿಂದ ಎರಡು ವರ್ಷ ಲ್ಯಾನ್‌ಮನ್ ಪಂಡಿತನ ಬಳಿ ಸಂಸ್ಕೃತ ಕಲಿತ. 1922ರ ‘ದಿ ವೇಸ್ಟ್ ಲ್ಯಾಂಡ್’ ಬೃಹದಾರಣ್ಯಕದ ಗುಡುಗಿನ ಉಪದೇಶದಲ್ಲಿ ಕೊನೆಗಾಣುವುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಆ ಕವನದ ತಾಯಿಬೇರು ಬೇರೆ.

1890ರಲ್ಲಿ ಫ್ರೇಜರ್ ‘ದಿ ಗೋಲ್ಡನ್ ಬೌ’ ಎಂಬ ಗ್ರಂಥವನ್ನು ಪ್ರಕಟಿಸಿದ. ಮುಂದೆ ಅದು ಹನ್ನೆರಡು ಸಂಪುಟಗಳಿಗೆ ಬೆಳೆಯಿತು. ವರ್ಷಕ್ಕೊಮ್ಮೆ ಸತ್ತು, ಬೆಳೆಯೊಡನೆ ಮತ್ತೆ ಹುಟ್ಟುವ ಅಡೋನಿಸ್, ಒಸೈರಿಸ್ ಮೊದಲಾದ ದೇವತೆಗಳ ಕಥೆ ಅದರಲ್ಲಿದೆ. ಜೇನ್ ಹ್ಯಾರಿಸನ್ 1912ರಲ್ಲಿ, ಕಾರ್ನ್‌ಫರ್ಡ್ 1914ರಲ್ಲಿ ಇದೇ ಜಾಡು ಹಿಡಿದು, ಗ್ರೀಕ್ ನಾಟಕವೂ ಇಂಥ ಆಚರಣೆಯಿಂದಲೇ ಹುಟ್ಟಿತೆಂದು ವಾದಿಸಿದರು. 1920ರಲ್ಲಿ ಜೆಸ್ಸಿ ವೆಸ್ಟನ್ ಎಂಬ ವಿದುಷಿ ಹಳೆಯ ವೀರಕಥೆಯ ಗಾಯಗೊಂಡ ಅರಸನನ್ನು ಇದೇ ಸಾಲಿಗೆ ಸೇರಿಸಿದಳು. ಅರಸನ ಪುರುಷತ್ವ ಉಡುಗಿದರೆ ಮಳೆ ನಿಲ್ಲುತ್ತದೆ, ನೆಲ ಬಂಜೆಯಾಗುತ್ತದೆ. 1914–18ರ ಯುದ್ಧದಲ್ಲಿ ಬೆಂದ ಯುರೋಪಿಗೆ ಎಲಿಯಟ್ ಹಿಡಿದ ಕನ್ನಡಿ ಇದೇ. ವೆಸ್ಟನ್ ಮತ್ತು ಫ್ರೇಜರ್ ಇಬ್ಬರ ಋಣವನ್ನೂ ಅವನು ತನ್ನ ಟಿಪ್ಪಣಿಗಳಲ್ಲಿ ಒಪ್ಪಿಕೊಂಡಿದ್ದಾನೆ. 1935ರಲ್ಲಿ ‘ಮರ್ಡರ್ ಇನ್ ದ ಕೆಥೀಡ್ರಲ್’ ಬರೆದಾಗ, ಬಲಿಯಾಗುವವನ ಸುತ್ತ ಬಡ ಹೆಂಗಸರ ಮೇಳವನ್ನು ನಿಲ್ಲಿಸಿದ.

ಇನ್ನು ಅನಗವಾಡಿಯ ಕಡೆಗೆ ಬರೋಣ. ಘಟಪ್ರಭೆಯ ದಂಡೆಯ ಈ ಊರು ಬೀಳಗಿ ಸೀಮೆಯದು. ಈ ಭಾಗದ ಹಳ್ಳಿಗಳಲ್ಲಿ ಭಾದ್ರಪದದ ಗಣಪತಿ ಹೋದ ಮೇಲೆ ಜೋಕುಮಾರ ಬರುತ್ತಾನೆ. ಮಣ್ಣಿನ ಮೂರ್ತಿ, ಅಗಲ ಕಣ್ಣು, ಬಾಯಿಗೆ ಬೆಣ್ಣೆ, ಬುಟ್ಟಿಯ ತುಂಬ ಬೇವಿನ ಸೊಪ್ಪು. ಹೆಂಗಸರು ಅವನನ್ನು ಹೊತ್ತು ಮನೆಮನೆಗೆ ಹಾಡುತ್ತ ಬರುತ್ತಾರೆ. ಮನೆಯವರು ಮೊರದಲ್ಲಿ ಜೋಳ ನೀಡುತ್ತಾರೆ. ಗಣಪ ಉಂಡ ಕಡುಬನ್ನು ಕಂಡು ಲೋಕ ಸುಖವಾಗಿದೆಯೆಂದು ಶಿವನಿಗೆ ಹೇಳುತ್ತಾನಂತೆ. ಮಳೆಯಿಲ್ಲದೆ ಜನ ಬಾಯಿಬಿಡುವ ಸುದ್ದಿ ಮುಟ್ಟಿಸುವವನು ಜೋಕುಮಾರ. ಅವನ ಆಯುಷ್ಯ ಏಳೇ ದಿನ. ಹುಣ್ಣಿಮೆಯ ರಾತ್ರಿ ಅವನಿಗೆ ಸಾವು.

ಫ್ರೇಜರ್ ಗ್ರಂಥಾಲಯದಲ್ಲಿ ಕುಳಿತು ಪರರ ವರದಿಗಳಿಂದ ಕಟ್ಟಿದ ದೇವರು ಇಲ್ಲಿ ಬೀದಿಯಲ್ಲಿಯೇ ಬರುತ್ತಿದ್ದ! ಎಲ್ಲ ದೇಶದ ಆಚರಣೆಗಳನ್ನು ಒಂದೇ ಮೂಸೆಯಲ್ಲಿ ಕರಗಿಸುವ ಫ್ರೇಜರನ ಪದ್ಧತಿಯನ್ನು ಇಂದಿನ ಮಾನವಶಾಸ್ತ್ರಜ್ಞರು ಒಪ್ಪುವುದಿಲ್ಲ, ನಿಜ. ಸಾಮ್ಯವಿದ್ದಲ್ಲಿ ಸಂಬಂಧವಿರಲೇಬೇಕೆಂದೂ ಇಲ್ಲ. ಆದರೂ ಹೋಲಿಕೆ ಒಂದು ಮುಖ್ಯ ವಿಷಯವನ್ನು ತೋರಿಸುತ್ತದೆ.

1972ರಲ್ಲಿ ಬೆಳಗಾವಿ ಜಿಲ್ಲೆಯ ಘೋಡಗೇರಿಯವರಾದ ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ನಾಟಕವನ್ನು ಬಿ. ವಿ. ಕಾರಂತರು ರಂಗಕ್ಕೆ ತಂದರು. ಬಯಲಾಟದ ಸೂತ್ರಧಾರ, ಹಿಮ್ಮೇಳಗಳೇ ಅದರ ಚೌಕಟ್ಟು. ಊರ ಗೌಡನಿಗೆ ನೆಲವುಂಟು, ಬಂದೂಕುಂಟು, ಮಕ್ಕಳಿಲ್ಲ, ಪುರುಷತ್ವವಿಲ್ಲ. ಗೌಡತಿ ಗಂಡನಿಗೆಂದು ಮಾಡಿದ ಜೋಕುಮಾರನ ಪಲ್ಯ ಉಳುಮೆಯ ಬಸಣ್ಣನ ಪಾಲಾಗುತ್ತದೆ. ಕೊನೆಗೆ ಬಸಣ್ಣ ಕೊಲೆಯಾಗುತ್ತಾನೆ. ಲಂಡನ್ನಿನ ಕವನದಲ್ಲಿ ಗಾಯಗೊಂಡ ಅರಸನೇ ಮಿಡಿಯಬೇಕಾದ ಜೀವ. ಅವನು ಗುಣವಾದರೆ ನಾಡು ಚಿಗುರೀತು. ಇಲ್ಲಿ ಪ್ರಶ್ನೆಯೇ ತಿರುಗಿ ನಿಂತಿದೆ: ಬಂಜೆ ಒಡೆಯನ ಕೈಯಲ್ಲಿ ಹೊಲವಾದರೂ ಏಕಿರಬೇಕು? ಎರಡೇ ವರ್ಷದಲ್ಲಿ, 1974ರಲ್ಲಿ, ಗೇಣಿದಾರರಿಗೆ ಭೂಮಿಯ ಹಕ್ಕು ಕೊಡುವ ತಿದ್ದುಪಡಿ ನಮ್ಮ ರಾಜ್ಯದಲ್ಲಿ ಜಾರಿಗೆ ಬಂತು. ನಾಟಕದಿಂದ ಕಾಯದೆ ಹುಟ್ಟಿತೆಂದಲ್ಲ. ಎರಡರ ಹಿಂದೆಯೂ ಇದ್ದದ್ದು ಅದೇ ಹೊಲ, ಅದೇ ಹಸಿವು.

ಆದ್ದರಿಂದ ನವ್ಯವು ಎರವಲೋ ಸ್ವಂತವೋ ಎಂಬ ವಾದಕ್ಕಿಂತ, ತಂದದ್ದರಿಂದ ಏನನ್ನು ಕೇಳಿದೆವು ಎಂಬುದೇ ಹೆಚ್ಚಿನ ಮಾತು. ಎಲಿಯಟ್ ಸತ್ತ ದೇವರುಗಳನ್ನು ಪುಸ್ತಕದಿಂದ ಎಬ್ಬಿಸಬೇಕಾಯಿತು. ನಮ್ಮವರಿಗೆ ಆ ಕಷ್ಟವಿರಲಿಲ್ಲ. ಮೊರದಲ್ಲಿ ಜೋಳ ಹಿಡಿದು ಬಾಗಿಲಿಗೆ ಬಂದರೆ ಸಾಕಿತ್ತು.