ಸಾಮು ಮಾಡಿದ ಮೈಗೆ ಬಿಡುವೆಷ್ಟು?

ಈಜಿಪ್ಟಿನ ನೌಕ್ರಾಟಿಸ್ ಎಂಬ ಊರಿನ ಗೆರೆನಸ್ ಹೆಸರಾಂತ ಜಟ್ಟಿ. ಒಲಿಂಪಿಯಾದಲ್ಲಿ ಕುಸ್ತಿ ಗೆದ್ದ ಖುಷಿಗೆ ಗೆಳೆಯರೊಂದಿಗೆ ಕೂಡಿ ಹೊಟ್ಟೆ ಬಿರಿಯ ಉಂಡ, ಕುಡಿದ. ಬಳಿಕ ವ್ಯಾಯಾಮಶಾಲೆಗೆ ಬಂದಾಗ ಉಂಡದ್ದು ಅರಗಿಲ್ಲ, ಮೈ ಸರಿಯಿಲ್ಲ ಎಂದು ಗುರುವಿನ ಮುಂದೆ ಹೇಳಿಕೊಂಡ. ಗುರು ಕೆರಳಿದ. ಅಂದಿನ ಪಾಠ ಅಂದೇ ಆಗಬೇಕು, ಕ್ರಮ ತಪ್ಪಕೂಡದು ಎಂದು ಸಾಮಿಗೆ ಇಳಿಸಿದ. ಆ ಸಾಮಿನಲ್ಲೇ ಗೆರೆನಸ್‌ನ ಪ್ರಾಣ ಹೋಯಿತು.

ಕ್ರಿ.ಶ. ಮೂರನೆಯ ಶತಮಾನದಲ್ಲಿ ಫಿಲೊಸ್ಟ್ರೇಟಸ್ ಎಂಬ ಗ್ರೀಕ್ ಲೇಖಕ ಅಂಗಸಾಧನೆಯ ಕುರಿತು ಬರೆದ 'ಜಿಮ್ನಾಸ್ಟಿಕಸ್' ಎಂಬ ಗ್ರಂಥದಲ್ಲಿ ಈ ಕಥೆ ಬರುತ್ತದೆ. ಗುರು ಬಿಡಲೊಲ್ಲದ ಆ ಕ್ರಮಕ್ಕೆ 'ಟೆಟ್ರಾಡ್' ಎಂದು ಹೆಸರು. ಅದು ನಾಲ್ಕು ದಿನದ ಸುತ್ತು. ಮೊದಲ ದಿನ ಮೈಯನ್ನು ಹದಕ್ಕೆ ತರುವ ಚುರುಕಾದ ಕಸರತ್ತು, ಎರಡನೆಯ ದಿನ ಪೂರ್ಣ ಶಕ್ತಿಯ ದುಡಿಮೆ, ಮೂರನೆಯ ದಿನ ಸಡಿಲಿಕೆ, ನಾಲ್ಕನೆಯ ದಿನ ಮಧ್ಯಮ ಶ್ರಮ. ಇಂದಿನ ಜಿಮ್‌ಗಳ ಗೋಡೆಯ ಮೇಲೆ ತೂಗುವ ವೇಳಾಪಟ್ಟಿಗಳ ಮುತ್ತಜ್ಜ ಇದೇ ಎನ್ನಬೇಕು. ಅದರಲ್ಲಿ ಬಿಡುವಿಗೆ ಜಾಗವಿರಲಿಲ್ಲವೆಂದಲ್ಲ, ಇತ್ತು. ಆದರೆ ಗುರು ಪಂಚಾಂಗ ನೋಡಿದ, ಶಿಷ್ಯನ ಮೈ ನೋಡಲಿಲ್ಲ. ಫಿಲೊಸ್ಟ್ರೇಟಸ್‌ನ ಸಿಟ್ಟು ಇರುವುದು ಈ ಕುರುಡು ಲೆಕ್ಕದ ಮೇಲೆ.

ಸಾಮಿನ ಮೈಗೆ ಬಿಡುವೆಷ್ಟು ಬೇಕು, ಅದನ್ನು ಯಾವುದರಿಂದ ಅಳೆಯಬೇಕು ಎಂಬ ಪ್ರಶ್ನೆ ಅಷ್ಟು ಹಳೆಯದು. ನಲವತ್ತು ದಾಟಿದವರಿಗೆ ಅದು ಇನ್ನೂ ತೊಡಕಿನದು. ಇಪ್ಪತ್ತೈದರಲ್ಲಿ ರಾತ್ರಿ ಕಳೆಯುವಷ್ಟರಲ್ಲಿ ಇಳಿಯುತ್ತಿದ್ದ ನೋವು ಐವತ್ತರಲ್ಲಿ ಮೂರು ದಿನವಾದರೂ ಕಾಲು ಬಿಡುವುದಿಲ್ಲ.

ನಮ್ಮ ವೈದ್ಯಗ್ರಂಥಗಳು ಈ ಪ್ರಶ್ನೆಗೆ ಬೇರೆಯದೇ ಅಳತೆಗೋಲು ಹಿಡಿದವು. ವ್ಯಾಯಾಮವನ್ನು ಅರ್ಧ ಬಲದಷ್ಟೇ ಮಾಡಬೇಕು ಎನ್ನುತ್ತದೆ ಸುಶ್ರುತ ಸಂಹಿತೆ. ಅರ್ಧ ಬಲ ಎಂದರೆ ಎಷ್ಟು? ಎದೆಯಲ್ಲಿರುವ ಉಸಿರು ಬಾಯಿಗೆ ಬಂದಾಗ ಅರ್ಧ ಮುಗಿಯಿತೆಂದು ಲೆಕ್ಕ. ಟೀಕಾಕಾರರು ಇದಕ್ಕೆ ಹಣೆ, ಮೂಗು, ಕಂಕುಳಲ್ಲಿ ಬೆವರು ಒಡೆಯುವುದನ್ನೂ ಬಾಯಿ ಒಣಗುವುದನ್ನೂ ಸೇರಿಸುತ್ತಾರೆ. ಗಡಿಯಾರ ಬೇಡ, ಯಂತ್ರ ಬೇಡ. ಅವರವರ ಉಸಿರೇ ಅವರವರ ತಕ್ಕಡಿ. ಒಬ್ಬನಿಗೆ ನೂರು ಬಸ್ಕಿಗೆ ಬಾಯಿಗೆ ಬರುವ ಉಸಿರು ಇನ್ನೊಬ್ಬನಿಗೆ ಹದಿನೈದಕ್ಕೇ ಬರಬಹುದು. ಇಬ್ಬರೂ ಅರ್ಧವೇ ಮಾಡಿದಂತಾಯಿತು. ವಯಸ್ಸು, ಬಲ, ದೇಹ, ದೇಶ, ಕಾಲ, ಆಹಾರ ಇಷ್ಟನ್ನೂ ನೋಡಿ ವ್ಯಾಯಾಮ ಮಾಡಬೇಕೆಂದೂ ಸುಶ್ರುತ ಹೇಳುತ್ತಾನೆ. ಪಟ್ಟಿಯಲ್ಲಿ ವಯಸ್ಸಿಗೇ ಮೊದಲ ಸ್ಥಾನ.

ವಾಗ್ಭಟನ 'ಅಷ್ಟಾಂಗ ಹೃದಯ' ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಈ ಅರ್ಧ ಶಕ್ತಿಯೂ ಬಲಶಾಲಿಗಳಿಗೆ, ಜಿಡ್ಡಿನ ಊಟ ಉಣ್ಣುವವರಿಗೆ, ಅದೂ ಚಳಿಗಾಲ ಮತ್ತು ವಸಂತದಲ್ಲಿ ಮಾತ್ರ. ಉಳಿದ ಕಾಲದಲ್ಲಿ ಇನ್ನೂ ಕಡಿಮೆ. ಮುಗಿದ ಮೇಲೆ ಮೈಯನ್ನೆಲ್ಲ ಹಿತವಾಗಿ ತಿಕ್ಕಿಸಿಕೊಳ್ಳಬೇಕು. ಅತಿಯಾಗಿ ಮಾಡುವವನು ಆನೆಯನ್ನು ಎಳೆಯಹೊರಟ ಸಿಂಹದಂತೆ ನಾಶವಾಗುತ್ತಾನೆ ಎಂಬ ಎಚ್ಚರಿಕೆಯೂ ಉಂಟು. ಅಜೀರ್ಣವಾದವರು ವ್ಯಾಯಾಮದ ಗೋಜಿಗೇ ಹೋಗಬಾರದು ಎನ್ನುವ ವಾಗ್ಭಟನ ಕೈಗೆ ಸಿಕ್ಕಿದ್ದರೆ ಗೆರೆನಸ್ ಮನೆಗೆ ಹೋಗಿ ಮಲಗಿ ಬದುಕಿಕೊಳ್ಳುತ್ತಿದ್ದನೇನೋ!

ಗ್ರಂಥದ ಮಾತು ಹಾಗಿರಲಿ, ಮೈಯನ್ನೇ ಬಂಡವಾಳ ಮಾಡಿಕೊಂಡ ಜಟ್ಟಿಗಳ ಸಂಗತಿಯೇನು? ಅದಕ್ಕೆ ಕನ್ನಡ ನೆಲದಲ್ಲೇ ಸಾಕ್ಷ್ಯವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದ ಎಂಬ ಅಧ್ಯಾಯವೇ ಇದೆ. ಅಲ್ಲಿ ಎಲ್ಲ ಮಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುವುದಿಲ್ಲ. ವಯಸ್ಸು, ಮೈಕಟ್ಟು, ಬಲ ನೋಡಿ ಅವರನ್ನು ವರ್ಗಗಳಾಗಿ ವಿಂಗಡಿಸಲಾಗಿದೆ. ಭಾರ ಎತ್ತುವುದು, ನೀರಿನಲ್ಲಿ ಸಾಧನೆ, ಕಂಬದ ಮೇಲಿನ ಸಾಧನೆ ಎಂದು ಶ್ರಮಗಳೂ ಹಲವು ಬಗೆ. ಮಲ್ಲರಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಸಿಹಿತಿಂಡಿ ಒದಗಿಸುವುದು ಅರಸನ ಹೊಣೆ. ದಂಡಿಸಿದ ಮೈಯನ್ನು ಮತ್ತೆ ತುಂಬಿಕೊಡುವ ಕೆಲಸ ದಂಡಿಸಿದಷ್ಟೇ ಮುಖ್ಯವೆಂದು ಆಸ್ಥಾನಕ್ಕೆ ಗೊತ್ತಿತ್ತು. ಇಂದಿನವರು ಇದಕ್ಕೆ 'ರಿಕವರಿ' ಎಂಬ ಹೆಸರಿಟ್ಟು ಡಬ್ಬಿಯಲ್ಲಿ ಮಾರುತ್ತಿದ್ದಾರೆ.

ಗರಡಿಯಿಂದ ಜಿಮ್‌ಗೆ ದಾಟುವ ದಾರಿಯಲ್ಲಿ ನಮ್ಮಲ್ಲಿ ಸಿಗುವ ದೊಡ್ಡ ಹೆಸರು ಬೆಂಗಳೂರಿನ ಕೆ.ವಿ. ಅಯ್ಯರ್ (1897-1980) ಅವರದು. 'ರೂಪದರ್ಶಿ', 'ಶಾಂತಲಾ' ಕಾದಂಬರಿಗಳ ಕರ್ತೃವಾಗಿ ಅವರನ್ನು ಬಲ್ಲವರು ಹೆಚ್ಚು. ಆದರೆ ವ್ಯಾಯಾಮಶಾಲೆ ನಡೆಸಿದ, ಅಂಚೆಯ ಮೂಲಕವೂ ಅಂಗಸಾಧನೆ ಕಲಿಸಿದ ಅಯ್ಯರ್ ತಮ್ಮ ಕಾಲದಲ್ಲಿ ಅಷ್ಟೇ ಪ್ರಸಿದ್ಧರು. ಪಾಶ್ಚಾತ್ಯರ ಡಂಬಲ್ಸ್, ಬಾರ್‌ಬೆಲ್‌ಗಳನ್ನು ಅವರು ಹಿಂಜರಿಯದೆ ಬಳಸಿದರು. ಜೊತೆಗೆ ಆಸನ, ಸೂರ್ಯನಮಸ್ಕಾರಗಳನ್ನು ಬಿಡಲಿಲ್ಲ. ತಮ್ಮ ದೇಹ ರೂಪುಗೊಂಡದ್ದರಲ್ಲಿ ಕಬ್ಬಿಣದ ಸಲಕರಣೆಗಿಂತ ಹಠಯೋಗದ ಪಾಲೇ ದೊಡ್ಡದೆಂದು 1930ರಷ್ಟು ಹಿಂದೆಯೇ ಬರೆದವರು ಅವರು. ಎತ್ತುವುದಕ್ಕೆ ಒಂದು ವಿದ್ಯೆ, ಸಡಿಲಗೊಳ್ಳುವುದಕ್ಕೆ ಇನ್ನೊಂದು ಎಂಬ ಈ ಜೋಡಿ ಆಮೇಲಿನ ಜಿಮ್‌ಗಳಲ್ಲಿ ಹೆಚ್ಚುಕಡಿಮೆ ಮುರಿದುಬಿತ್ತು. ಕಬ್ಬಿಣ ಉಳಿಯಿತು. ವರ್ಷದ ಶುಲ್ಕ ಮುಂಗಡ ಕಟ್ಟಿದವರು ಹಣ ದಂಡವಾಗಬಾರದೆಂದು ವಾರದ ಆರೂ ದಿನ ಮೈ ದಂಡಿಸುವ ಕಾಲ ಬಂತು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ಹೃದಯ ಸ್ತಂಭನದಿಂದ ತೀರಿಕೊಂಡಾಗ ಕರ್ನಾಟಕದ ಮನೆಮನೆಯಲ್ಲೂ ಇದೇ ಚರ್ಚೆ ನಡೆಯಿತು. ಬೆಳಗಿನ ವ್ಯಾಯಾಮದ ನಂತರ ಅವರಿಗೆ ಎದೆಯಲ್ಲಿ ತೊಂದರೆ ಕಾಣಿಸಿಕೊಂಡಿತ್ತೆಂಬ ಸುದ್ದಿ ಹರಡಿದ್ದೇ ತಡ, ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಹೃದಯ ತಪಾಸಣೆಗೆ ಜನ ಸಾಲುಗಟ್ಟಿದರು. ಜಿಮ್ಮಿಗೇ ಬೆನ್ನು ಹಾಕಿದವರೂ ಉಂಟು. ಒಂದು ಸಾವಿನ ಹೊಣೆಯನ್ನು ವ್ಯಾಯಾಮದ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಭಯಕ್ಕೆ ಕಾರಣವಿತ್ತು: ಅತಿ ಎಂಬುದು ಎಲ್ಲಿ ಶುರುವಾಗುತ್ತದೆಂದು ಹೇಳಬಲ್ಲ ಉಸ್ತಾದ ಯಾರ ಮಗ್ಗುಲಲ್ಲೂ ಇರಲಿಲ್ಲ.

ಹಾಗಾದರೆ ವಯಸ್ಸಾದವರು ಕೈಬಿಡುವುದೇ ಕ್ಷೇಮವೇ? ವಾಗ್ಭಟನೇನೋ ಬಾಲಕರನ್ನೂ ವೃದ್ಧರನ್ನೂ ವ್ಯಾಯಾಮದಿಂದ ದೂರವಿಟ್ಟ. ಇಲ್ಲಿ ಮಾತ್ರ ಹಳೆಯ ಮಾತನ್ನು ವಿಜ್ಞಾನ ತಿದ್ದಿದೆ. 1990ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಮಾರಿಯಾ ಫಿಯಾಟರೋನ್ ಎಂಬ ವೈದ್ಯೆ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಅಧ್ಯಯನ ವೈದ್ಯಲೋಕವನ್ನು ಬೆರಗುಗೊಳಿಸಿತು. ವೃದ್ಧಾಶ್ರಮವೊಂದರ ಹತ್ತು ಮಂದಿ, ಸರಾಸರಿ ವಯಸ್ಸು 90. ಇಂಥವರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಹಗುರ ಭಾರವಲ್ಲ, ಅವರವರ ಗರಿಷ್ಠ ಶಕ್ತಿಯ ಶೇ. 80ರಷ್ಟು. ತರಬೇತಿ ಮುಗಿಸಿದವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ಇಬ್ಬರು ಊರುಗೋಲನ್ನೇ ಬಿಟ್ಟರು.

ಈ ಸುದ್ದಿ ಓದಿದವರು ಸಾಮಾನ್ಯವಾಗಿ ಗಮನಿಸದ ಅಂಶವೊಂದಿದೆ. ಆ ಅಜ್ಜ ಅಜ್ಜಿಯರು ಭಾರ ಎತ್ತಿದ್ದು ವಾರಕ್ಕೆ ಮೂರೇ ದಿನ. ಉಳಿದ ನಾಲ್ಕು ದಿನ ಬಿಡುವು. ಆ ಬಿಡುವು ಸುಮ್ಮನೆ ಕಳೆದ ಕಾಲವಲ್ಲ. ಭಾರ ಎತ್ತಿದಾಗ ಸ್ನಾಯುವಿನ ಎಳೆಗಳಿಗೆ ಸಣ್ಣಪುಟ್ಟ ಪೆಟ್ಟು ಬೀಳುತ್ತದೆ. ಅದನ್ನು ರಿಪೇರಿ ಮಾಡಿ ಹೊಸ ಪ್ರೋಟೀನ್ ಕಟ್ಟುವ ಕೆಲಸ ನಂತರದ ಒಂದೆರಡು ದಿನ ನಡೆಯುತ್ತದೆ. ಮೈ ಬೆಳೆಯುವುದು ಜಿಮ್ಮಿನಲ್ಲಲ್ಲ, ಮನೆಯಲ್ಲಿ. ವಯಸ್ಸಾದಂತೆ ಊಟದ ಪ್ರೋಟೀನನ್ನು ಸ್ನಾಯು ಮೊದಲಿನಷ್ಟು ಸಲೀಸಾಗಿ ಬಳಸಿಕೊಳ್ಳದು. ಗಾಢ ನಿದ್ದೆಯ ಅವಧಿ ಕಿರಿದಾಗುತ್ತದೆ. ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುಗಳು ಸ್ನಾಯುವಿಗಿಂತ ನಿಧಾನವಾಗಿ ಬಲಗೊಳ್ಳುವುದರಿಂದ, ಅವಸರಪಟ್ಟವರ ಭುಜ ಮೊಣಕಾಲುಗಳು ಮೊದಲು ದೂರು ಹೇಳುತ್ತವೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿ ಕೂಡ ಸ್ನಾಯುಬಲದ ವ್ಯಾಯಾಮಕ್ಕೆ ವಾರಕ್ಕೆ ಕನಿಷ್ಠ ಎರಡು ದಿನವೆಂದಿದೆ. ಜೊತೆಗೆ 150ರಿಂದ 300 ನಿಮಿಷದ ಮಧ್ಯಮ ಶ್ರಮ. ಬಿರುಸಿನ ನಡಿಗೆಯಾದರೂ ಸರಿ. 65 ದಾಟಿದವರಿಗೆ ಸಮತೋಲನದ ಅಭ್ಯಾಸ ವಾರಕ್ಕೆ ಮೂರು ದಿನವಾದರೂ ಇರಲಿ ಎನ್ನುತ್ತದೆ. ಅಂದಹಾಗೆ, ಎದೆನೋವು, ತಲೆಸುತ್ತು, ಎಂದೂ ಇಲ್ಲದ ಏದುಸಿರು ಇವು ಬಿಡುವು ಕೊಟ್ಟು ಕಾಯಬೇಕಾದ ಆಯಾಸಗಳಲ್ಲ. ಅವಕ್ಕೆ ವೈದ್ಯರೇ ಬೇಕು.

ಬಿಡುವಿಗೂ ಮಿತಿ ಉಂಟೆಂದು ತೋರಿಸಿದ್ದೂ ಬಾಸ್ಟನ್ನಿನ ಆ ಹಿರಿಯರೇ. ಎಂಟು ವಾರ ಮುಗಿದ ಮೇಲೆ ತರಬೇತಿ ನಿಲ್ಲಿಸಿ ಮತ್ತೆ ಪರೀಕ್ಷಿಸಲಾಯಿತು. ನಾಲ್ಕೇ ವಾರಗಳಲ್ಲಿ ಅವರ ಬಲ ಶೇ. 32ರಷ್ಟು ಇಳಿದುಹೋಗಿತ್ತು.